ಮೂರು ಕೊನೆಗಳ ಕಾದಂಬರಿ, ನಮ್ಮ ಮೊದಲ ಅಪಾರ್ಟ್‌ಮೆಂಟು

ಈ ದೇಶದಲ್ಲಿ ಕಥೆಗೆ ಒಂದು ಕೊನೆ ಎಂಬುದಿಲ್ಲದಿದ್ದರೂ ಪುಸ್ತಕಕ್ಕೆ ಪೂರ್ತಿ ಬೆಲೆ ತೆಗೆದುಕೊಳ್ಳುತ್ತಾರೆ. ಮಗಳ ಕಾಲೇಜಿನ ಕಾದಂಬರಿಯೊಂದನ್ನು ಹಟ ಹಿಡಿದು ಓದಿ ಮುಗಿಸಿದಾಗ ನನಗೆ ಗೊತ್ತಾದದ್ದು ಇದು. ಕಳೆದುಹೋದ ಅಣ್ಣ ಒಂದು ಕೊನೆಯಲ್ಲಿ ಸಿಗುತ್ತಾನೆ, ಇನ್ನೊಂದರಲ್ಲಿ ಸತ್ತಿರುತ್ತಾನೆ, ಮೂರನೆಯದರಲ್ಲಿ ಅಂಥ ಅಣ್ಣನೇ ಇರಲಿಲ್ಲ.

"ಇದರಾಗ ಖರೇ ಯಾವುದು?"

"ಆಲ್ ಆಫ್ ದೆಮ್, ಅಪ್ಪಾ. ಅದೇ ಪಾಯಿಂಟು."

ನಾನು ಗದಗಿನವನು. ಅಮೆರಿಕದ ಸ್ಯಾನ್ ಹೊಸೆಯಲ್ಲಿ ಮುಚ್ಚುವ ಆಫೀಸುಗಳ ಮೇಜು ಕುರ್ಚಿಗಳನ್ನು ಚೌಕಾಸಿ ಮಾಡಿ ಕೊಂಡು, ಹೊಸದಾಗಿ ತೆರೆಯುವ ಆಫೀಸುಗಳಿಗೆ ಮಾರಿ ಬದುಕಿದವನು. ಮಗಳು ಮೇಘನಾ ಕಂಪ್ಯೂಟರು ಬಿಟ್ಟು ಸಾಹಿತ್ಯವನ್ನೇ 'ಮೇಜರು', ಅಂದರೆ ಪದವಿಯ ಮುಖ್ಯ ವಿಷಯ, ಮಾಡಿಕೊಳ್ಳುತ್ತೇನೆ ಎಂದಾಗ ನಾನು ಒಪ್ಪಲಿಲ್ಲ. ಗದಗಿನಲ್ಲಾಗಿದ್ದರೆ ಅಣ್ಣ, ಮಾವ, ಮಾಸ್ತರರು ಸೇರಿ ಬುದ್ಧಿ ಹೇಳುತ್ತಿದ್ದರು. ಇಲ್ಲಿ ಮಗಳ ಅಂಕಗಳನ್ನೂ ಕಾಲೇಜು ಅಪ್ಪನಿಗೆ ತಿಳಿಸುವುದಿಲ್ಲ. ಹಾಗಾಗಿ ವ್ಯಾಪಾರಕ್ಕಿಳಿದೆ: ಆ ಪೋಸ್ಟ್‌ಮಾಡರ್ನಿಸಂ, ನಮ್ಮಲ್ಲಿ ಆಧುನಿಕೋತ್ತರವಾದ ಎನ್ನುತ್ತಾರಲ್ಲ, ಅದನ್ನು ನನಗೆ ತಿಳಿಯುವ ಹಾಗೆ ಹೇಳಿದರೆ ಒಪ್ಪುತ್ತೇನೆ; ಇಲ್ಲದಿದ್ದರೆ ಕಂಪ್ಯೂಟರು.

ಭಾನುವಾರ ರೊಟ್ಟಿ ಮುರಿಯುತ್ತ ಶುರುಮಾಡಿದಳು. ಹಿಂದಿನವರು ಎಲ್ಲರಿಗೂ ಹೊಂದುವ ಒಂದು ದೊಡ್ಡ ಕಥೆಯನ್ನು ನಂಬಿದ್ದರಂತೆ: ಪ್ರಗತಿಯದು, ದೇಶದ್ದು, ದುಡಿದವನು ಗೆದ್ದೇ ಗೆಲ್ಲುತ್ತಾನೆ ಎಂಬುದು. ಅದು ಮಹಾಕಥನ. ಈ ಲೇಖಕರಿಗೆ ಅದರ ಮೇಲೆ ಗುಮಾನಿ. ಹೇಳುತ್ತಿರುವವನು ಯಾರು, ಯಾರನ್ನು ಹೊರಗಿಟ್ಟ ಎಂದು ಕೇಳುತ್ತಾರೆ. ಅದಕ್ಕೇ ಕಥೆಯನ್ನು ಬಿಚ್ಚಿ, ಹೊಲಿಗೆ ಕಾಣುವ ಹಾಗೆಯೇ ಬಿಡುತ್ತಾರೆ.

"ನಮ್ಮ ಬಯಲಾಟದಾಗೂ ಆಟ ನಡಸೋ ಸಾರಥಿ ನಡುವ ಬಂದು ಮಾತಾಡ್ತಾನವಾ" ಎಂದೆ.

"ಬಟ್ ಅವನಿಗೆ ಕೊನೆ ಗೊತ್ತಿರುತ್ತಲ್ಲ? ಇವರು ಗೊತ್ತಿದೆ ಅಂತ ಆ್ಯಕ್ಟಿಂಗೂ ಮಾಡಲ್ಲ."

ಉದಾಹರಣೆ ಕೊಡು ಎಂದೆ.

"ನಿಮ್ಮ ಅಪಾರ್ಟ್‌ಮೆಂಟ್ ಸ್ಟೋರಿ."

ಆ ಕಥೆ ಇಲ್ಲಿನ ಎಷ್ಟೋ ಕನ್ನಡಿಗರಿಗೆ ಬಾಯಿಪಾಠ. ಬಂದ ಹೊಸತರಲ್ಲಿ ನಮಗೆ 'ಕ್ರೆಡಿಟ್ ಹಿಸ್ಟರಿ' ಇರಲಿಲ್ಲ. ಸಾಲ ಪಡೆದು ತೀರಿಸಿದ ದಾಖಲೆ ಅದು. ಅದಿಲ್ಲದವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ಗದಗಿನಲ್ಲಿ ಯಾರ ಮಗ ಎಂದರೆ ಸಾಕಿತ್ತು. ಪಕ್ಕದ ಊರು ಫ್ರೀಮಾಂಟಿನ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಆಗುವುದಿಲ್ಲ ಎಂದಳು. ನಾನು ಬಿಡದೆ ಮಾತಾಡಿದೆ. ಮರುದಿನ ಫೋನು ಬಂತು, ಕೀಲಿ ಸಿಕ್ಕಿತು. ಮೊದಲ 'ಇಲ್ಲ'ಕ್ಕೇ ಎದ್ದು ಬರಬೇಡಿ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುತ್ತ ಬಂದವನು ನಾನು.

"ಇದರಲ್ಲಿ ಅಮ್ಮ ಎಲ್ಲಿದ್ದಾಳೆ?"

"ಮನ್ಯಾಗಿದ್ಲು."

"ಯಾವ ಮನೆ? ಮನೆನೇ ಇರ್ಲಿಲ್ವಲ್ಲ!"

ಒಲೆಯ ಮುಂದಿದ್ದ ನನ್ನ ಹೆಂಡತಿ ಗಿರಿಜಾ ಸೌಟು ಕೆಳಗಿಟ್ಟಳು.

"ನೀವು ಮಾತಾಡಿದ್ದಕ್ಕ ಆಕಿ ಒಪ್ಪಿರಲಿಲ್ರೀ. ಮರುದಿನ ನೀವು ಕೆಲಸಕ್ಕ ಹೋದ ಮ್ಯಾಲೆ ನಾ ಹೋದೆ. ಆಕಿ ಮೊಮ್ಮಗಳು ಆಫೀಸಿನ್ಯಾಗ ಒಂದ ಸವನ ಅಳಾಕತ್ತಿತ್ತು. ಎತಗೊಂಡೆ, ಸುಮ್ಮನಾತು. ದಿನಾ ನಾ ನೋಡ್ಕೋತೀನಿ ಅಂತ ಕೈಮಾಡಿ ತೋರಿಸಿದೆ. ಇಂಗ್ಲಿಷ್ ಎಲ್ಲಿ ಬರ್ತಿತ್ತು?"

ಆ ಕೂಸನ್ನು ಅವಳು ವರ್ಷಗಟ್ಟಲೆ ನೋಡಿಕೊಂಡದ್ದು ನನಗೆ ಗೊತ್ತಿತ್ತು. ಮನೆ ಸಿಕ್ಕ ಮೇಲೆ, ಬೇಸರ ಕಳೆಯಲೆಂದು ಒಪ್ಪಿಕೊಂಡಿದ್ದಾಳೆ ಎಂದೇ ತಿಳಿದಿದ್ದೆ.

"ಯಾಕ ಹೇಳಲಿಲ್ಲ?"

"ಫೋನ್ ಬಂದಾಗ ನಾನ ಗೆದ್ದೆ ಅಂತ ಕುಣದಾಡಿದ್ರಿ. ಈ ಊರಿಗೆ ಬಂದ ಮ್ಯಾಲೆ ಅವತ್ತ ಮೊದಲ ನಕ್ಕಿದ್ದು ನೀವು. ಹೆಂಗ ಹೇಳ್ಲಿ?"

ರೊಟ್ಟಿ ತಣ್ಣಗಾಗುತ್ತಿತ್ತು. ಮೇಘನಾ ಗೆದ್ದವಳಂತೆ ನಗಲಿಲ್ಲ. "ಸಾರಿ, ಅಪ್ಪಾ. ಅರ್ಥ ಆಯ್ತಾ?" ಎಂದಷ್ಟೇ ಕೇಳಿದಳು.

"ಆತವಾ. ನಿನ್ನ ಸಾಹಿತ್ಯಾನ ಓದು."

ಹೊಸಬರಿಗೆ ಈಗ ಬೇರೆ ಬುದ್ಧಿ ಹೇಳುತ್ತೇನೆ: ಮನೆ ಕೇಳಲು ಗಂಡ ಹೆಂಡತಿ ಇಬ್ಬರೂ ಹೋಗಿ.

ಕಳೆದ ವಾರ ಗದಗಿನಿಂದ ಅಣ್ಣ ಫೋನು ಮಾಡಿದ. ಮನೆಗೆ ಬಂದ ಬೀಗರಿಗೂ ಕೇಳಲೆಂದು ಸ್ಪೀಕರು ಹಾಕಿ, "ಆ ಮನೀ ಹಿಡದದ್ದು ಹೇಳೋ ತಮ್ಮಾ" ಎಂದ. ಗಿರಿಜಾ ಎದುರಿಗೇ ಕೂತಿದ್ದಳು. ನಾನು ತಡವರಿಸಿದೆ. "ಹೇಳ್ರಿ, ಕಾಯಾಕತ್ತಾರ" ಎಂದಳು, ಮೆಲ್ಲಗೆ. ಹಳೆಯದನ್ನೇ ಹೇಳಿದೆ. ಅಲ್ಲಿ ಎಲ್ಲರೂ ನಕ್ಕರು.

ಗದಗಿನಲ್ಲಿ ಆ ಮನೆ ಇವತ್ತಿಗೂ ನಾನು ಹಿಡಿದದ್ದು. ಫ್ರೀಮಾಂಟಿನಲ್ಲಿ ಅವಳು ಹಿಡಿದದ್ದು. ಫೋನಿಟ್ಟ ಮೇಲೆ ಯಾವ ಮನೆಗೆ ಮರಳಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ.