ಜೋಗಮ್ಮನ ಖಾನಾವಳಿಗೆ ಹುಲುಗೇಶನ ದನಿ

ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಹುಲುಗೇಶನ ದನಿ ಕೇಳದವರಿಲ್ಲ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ ಶಿಬಿರ, ಕಬಡ್ಡಿ ಪಂದ್ಯ, ಯಾವುದೇ ಇರಲಿ, ಆಟೋದ ಮೇಲಿನ ಹಾರ್ನಿನಿಂದ ಬರುವುದು ಅವನದೇ ದನಿ. ಆದರೆ ಆ ದನಿಯ ಮುಖ ಕಂಡವರು ಕಡಿಮೆ. ದನಿ ಮಾರ್ದನಿಸದಂತೆ ಗೋಡೆಗೆಲ್ಲ ಕೌದಿ ಇಳಿಬಿಟ್ಟ ಸಣ್ಣ ಕೋಣೆಯಲ್ಲಿ ಒಬ್ಬನೇ ಕೂತು, ಪ್ರಚಾರದ ಮಾತು ಹೇಳಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಡುವುದು ಅವನ ಕಸುಬು. ಎದುರಿಗೆ ನಾಲ್ಕು ಮಂದಿ ನಿಂತರೆ ನಾಲಿಗೆ ಒಣಗುತ್ತದೆ. ಮದುವೆಯ ದಿನ ಹೆಂಡತಿಯ ಹೆಸರು ಹೇಳು ಎಂದು ಹೆಣ್ಣಿನ ಕಡೆಯವರು ಅಡ್ಡಗಟ್ಟಿದಾಗ ನೀರು ಕೇಳಿದ ಗಂಡು ಅವನು.

ಆ ಶುಕ್ರವಾರ, ಅವನು ಚಿಗವ್ವ ಎಂದು ಕರೆಯುವ ಚಿಕ್ಕಮ್ಮ ಜೋಗಮ್ಮನ ಖಾನಾವಳಿ ಶುರುವಾಗಬೇಕಿತ್ತು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದ ಆಕೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಹಿಡಿದಿದ್ದಳು. ಪ್ರಚಾರಕ್ಕೆ ಒಂದೇ ಮಾತು ಹೇಳಿದ್ದಳು:

“ನನ್ನ ಹೆಸರು ಹಾಕಬ್ಯಾಡಪ. ಉಂಡ ಮ್ಯಾಲೆ ಯಾರ ಕೈ ಅಡಿಗಿ ಅಂತ ಕೇಳಲಿ. ಹೆಸರಿನಾಗ ಜಾತಿ ಹುಡುಕಿ ಬಾಗಲದಾಗ ತಿರುಗಿ ಹೋಗೋರು ಇನ್ನೂ ಅದಾರ.”

ಹುಲುಗೇಶ ಹಾಗೆಯೇ ಮಾಡಿದ. ಗುರುವಾರ ಸಂಜೆ ರೆಕಾರ್ಡಿಂಗ್ ಮುಗಿಸಿ ಚಹಾಕ್ಕೆ ಎದ್ದಾಗ ಗುಡುಗಿತು. ಗುಡುಗಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ಅವನ ಹೆಂಡತಿ ರಮಾಳ ವಾಡಿಕೆ. ಟಿವಿಯದು, ಫ್ರಿಜ್ಜಿನದು, ಜೊತೆಗೆ ಕಂಪ್ಯೂಟರಿನದೂ ಹೋಯಿತು.

“ಚಾಲೂ ಇತ್ತಲ್ಲೇ ಅದು!”

“ಸಿಡಿಲು ನಿಮ್ಮನ್ನ ಕೇಳಿ ಬರ್ತೈತೇನ್ರಿ?”

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರ: ಡಿಸ್ಕ್ ಪರೀಕ್ಷೆ ನಡೆಯುತ್ತಿದೆ, ನಾಲ್ಕು ಪರ್ಸೆಂಟ್. ಹುಲುಗೇಶ ಗಾಬರಿಯಾಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸಂಘಮಿತ್ರಾಳಿಗೆ ಫೋನ್ ಮಾಡಿದ. ಅದನ್ನು ಜೋಡಿಸಿಕೊಟ್ಟವಳೇ ಅವಳು.

“ಸರಿಯಾಗಿ ಆಫ್ ಮಾಡ್ದೇ ಕರೆಂಟ್ ತೆಗದ್ರ ಹಂಗ ಅಣ್ಣ. ಯಾವ ಫೈಲ್ ಎಲ್ಲೈತಿ, ಅರ್ಧಕ್ಕ ನಿಂತಿದ್ದು ಯಾವ್ದು ಅಂತ ತಾನ ನೋಡಿ ಸರಿ ಮಾಡ್ಕೊಂತೈತಿ. ಹಳೇ ಡಿಸ್ಕು, ತಡ ಆಗ್ತೈತಿ. ನಡುವ ಬಟನ್ ಒತ್ತಿದ್ರೋ, ಇದ್ದದ್ದೂ ಹೋದೀತು!”

ಅಷ್ಟರಲ್ಲಿ ಪ್ರಚಾರದ ಆಟೋ ಓಡಿಸುವ ಪಾಲಣ್ಣ ಬಂದು ಬಾಗಿಲಲ್ಲಿ ನಿಂತ.

“ಎಲ್ಲೈತಲೇ ಪೆನ್‌ಡ್ರೈವು?”

“ಒಂಬತ್ತು ಪರ್ಸೆಂಟ್.”

“ನಾ ಪೆನ್‌ಡ್ರೈವ್ ಕೇಳಿದ್ರ ನೀ ಬಡ್ಡಿ ಹೇಳ್ತೀಯಲ್ಲಲೇ!”

“ಫೋನಿನಾಗ ಮಾತಾಡಿ ಕೊಡ್ರಿ,” ಎಂದಳು ರಮಾ.

“ನನ್ನ ಹಾರ್ನಿನ ಡಬ್ಬಿಗೆ ಎರಡ ತೂತು ತಂಗಿ,” ಎಂದ ಪಾಲಣ್ಣ. “ಒಂದು ಪೆನ್‌ಡ್ರೈವಿಗೆ, ಇನ್ನೊಂದು ಮೈಕಿಗೆ. ಫೋನು ಅದಕ್ಕ ತಿಳಿಯಂಗಿಲ್ಲ.”

ಜೋಗಮ್ಮನ ಫೋನ್ ಬಂತು. ರೊಟ್ಟಿ ರಾಶಿ ಬಿದ್ದಿದೆ, ಆಟೋದ ದನಿ ಮಾತ್ರ ಇನ್ನೂ ಇಲ್ಲ. ಪರದೆಯ ಮೇಲೆ ಹದಿನೇಳು. ಹುಲುಗೇಶನ ಬೆರಳು ತಂತಾನೇ ಬಟನ್ ಕಡೆ ಹೋಯಿತು. ರಮಾ ಸ್ಟೂಲ್ ಎಳೆದುಕೊಂಡು ಅಡ್ಡ ಕೂತಳು.

“ನಿನ್ನೆ ಪ್ಲಗ್ ಕಿತ್ತಾಕಿ ನಾನು, ಇವತ್ತು ಕಾಯಾಕಿನೂ ನಾನ. ನೀವು ಆಟೋ ಹತ್ರಿ.”

“ನಾನಾ? ಮಂದಿ ಮುಂದ?”

“ಚಿಗವ್ವನ ರೊಟ್ಟಿ ಆರಿಹೋಗ್ಲೇನು?”

ಮಾರ್ಕೆಟ್ ಬೀದಿಯಲ್ಲಿ ಪಾಲಣ್ಣ ಆಟೋ ನಿಲ್ಲಿಸಿ ಮೈಕು ಕೈಗೆ ಕೊಟ್ಟ. ಹುಲುಗೇಶ ಬಾಯಿ ತೆರೆದ. ಬರೀ ಉಸಿರು ಬಂತು. ಹಾರ್ನಿನಲ್ಲಿ ಅದು ಬೀದಿಗೆಲ್ಲ ಕೇಳಿತು.

“ಲೇ, ಊರಿಗೇ ಉಬ್ಬಸ ಹಿಡಿದಂಗಾತು,” ಎಂದ ಪಾಲಣ್ಣ.

ಕಾಯಿಪಲ್ಯ ಮಾರುತ್ತಿದ್ದ ಎರ್ರಮ್ಮಜ್ಜಿಗೆ ಕುತೂಹಲ. “ಏನು ಮಾರಾಕ ಬಂದೀಯಪ?”

ಒಬ್ಬಳೇ ಅಜ್ಜಿ ಎದುರಿಗೆ. ಕೈಯಲ್ಲಿ ಮೈಕಿದೆ ಎನ್ನುವುದು ಹುಲುಗೇಶನಿಗೆ ಮರೆತೇಹೋಯಿತು.

“ಊಟ ಅಜ್ಜಿ. ಬಸ್ ಸ್ಟ್ಯಾಂಡ್ ಹಿಂದ ಹೊಸ ಖಾನಾವಳಿ.”

“ಏನೇನು ಮಾಡ್ಯಾರ?”

“ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮಜ್ಜಿಗಿ.”

“ರೊಟ್ಟಿ ಬಿಸೀವೋ, ಕಟಕೋ? ನನಗ ಹಲ್ಲಿಲ್ಲ ನೋಡು.”

“ನಿನಗ ಬಿಸೀವು. ನಿನ್ನ ಮೊಮ್ಮಗಗ ಕಟಕು.”

ಬೀದಿಯ ತುಂಬ ನಗು. ಕಟಿಂಗ್ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಹೊರಗೆ ಬಂದು ಕೂಗಿದ: “ಖಾರ ಹೆಂಗೈತಿ?”

“ಉಂಡರ ಉಳಿದರ್ಧ ಗಡ್ಡ ತಾನ ಉದುರ್ತೈತಿ!”

ಎರ್ರಮ್ಮಜ್ಜಿ ಬಿಡಲಿಲ್ಲ. “ಅದೆಲ್ಲ ಇರ್ಲಿ, ಅಡಿಗಿ ಯಾರದು?”

“ನಮ್ಮ ಚಿಗವ್ವಂದು. ಹಾಸ್ಟೆಲಿನ ಜೋಗಮ್ಮ!”

ಹೆಸರು ಹಾರ್ನಿನಿಂದ ಹಾರಿ ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಆಗ ಹುಲುಗೇಶ ತನ್ನ ಕೈಯ ಮೈಕು ನೋಡಿಕೊಂಡ. ತಟ್ಟನೆ ಅದನ್ನು ಬೆನ್ನ ಹಿಂದೆ ಮರೆಮಾಡಿದ.

ಬೀಜದ ಅಂಗಡಿಯಿಂದ ಸಿದ್ದಲಿಂಗ ಎಂಬುವವನು ಓಡಿಬಂದ. “ಯಾರು, ಜೋಗಮ್ಮಾರಾ? ಮೂರು ವರ್ಷ ಆ ಹಾಸ್ಟೆಲಿನಾಗ ಉಂಡು ಬೆಳದೀನಲೇ ನಾನು! ಇದನ್ನ ಮೊದಲು ಹೇಳಬಾರದಾ?” ಅಲ್ಲೇ ನಿಂತು ಯಾರ್ಯಾರಿಗೋ ಫೋನ್ ಹಚ್ಚಿದ. ಆಕೆಯ ಕೈಯಡುಗೆ ಉಂಡ ಹುಡುಗರು ಈಗ ಕಂಡಕ್ಟರು, ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು. ಮಧ್ಯಾಹ್ನಕ್ಕೆ ಖಾನಾವಳಿಯ ಹೊರಗೆ ಚಪ್ಪಲಿ ಇಡಲು ಜಾಗವಿರಲಿಲ್ಲ. ಬಾರದವರು ಬರಲಿಲ್ಲ. ಅವರನ್ನು ಎಣಿಸಲು ಯಾರಿಗೂ ಪುರುಸೊತ್ತಿರಲಿಲ್ಲ.

“ಹೆಸರು ಹೇಳಬ್ಯಾಡ ಅಂದಿದ್ನಲ್ಲೋ ಮೂಳ!” ಎಂದು ಜೋಗಮ್ಮ ಸೌಟು ಎತ್ತಿದಳು. ಕಣ್ಣು ಮಾತ್ರ ಎಲೆಗಳ ಸಾಲಿನ ಮೇಲಿತ್ತು. “ಸಂಜಿಗೆ ಮತ್ತೊಂದು ಸುತ್ತು ಹೋಗು. ಹಿಟ್ಟು ಬೀಸಾಕ ಕಳಿಸೀನಿ.”

ಮನೆಗೆ ಬಂದರೆ ರಮಾ ಗೆದ್ದವಳಂತೆ ಕೂತಿದ್ದಳು. ಪರೀಕ್ಷೆ ಮುಗಿದು, ಎಲ್ಲೋ ತಪ್ಪಿದ್ದನ್ನು ತಾನೇ ತಿದ್ದಿಕೊಂಡು ಕಂಪ್ಯೂಟರ್ ಎಂದಿನಂತೆ ಎದ್ದಿತ್ತು.

“ಒಂದೂ ಹೋಗಿಲ್ರಿ! ನಿನ್ನೇದೂ ಐತಿ.”

ಹುಲುಗೇಶ ಹಾಕಿ ಕೇಳಿದ. ಚೊಕ್ಕ ದನಿ, ಒಂದು ಅಕ್ಷರವೂ ಕೆಟ್ಟಿರಲಿಲ್ಲ: “ಶುಚಿಯಾದ, ರುಚಿಯಾದ ಮನೆಯೂಟಕ್ಕೆ ಒಮ್ಮೆ ಭೇಟಿ ಕೊಡಿ.” ಕೊನೆಯವರೆಗೂ ಕೇಳಿ, ಅಳಿಸಿಹಾಕಿದ.

“ಅಯ್ಯ! ಇದಕ್ಕೇನ್ರಿ ನಾ ಮುಂಜಾನಿಂದ ಕಾದಿದ್ದು?”

“ಇದರಾಗ ಚಿಗವ್ವ ಇಲ್ಲಲ್ಲೇ.”

ಮೈಕು ಹತ್ತಿರಕ್ಕೆಳೆದು ಹೊಸದಾಗಿ ಶುರುಮಾಡಿದ: “ಬರ್ರಿ, ನಮ್ಮ ಜೋಗಮ್ಮನ ಖಾನಾವಳಿಗೆ...”

ಬಾಗಿಲ ಹೊರಗಿನಿಂದ ಪಾಲಣ್ಣ ಕೂಗಿದ: “ಹೆಸರು ಎರಡು ಸಲ ಹೇಳಲೇ!”