ಭೀಮನ ಜೊತೆ ಕೊನೆಯ ಕಣ್ಣಾಮುಚ್ಚಾಲೆ

ಇವತ್ತು ಮೆಡಿಕಲ್ ಶಾಪಿನಲ್ಲಿ ಯಾರೋ ಕಿವಿಗೆ ಹಾಕುವ ಔಷಧಿಯ ಬಾಟಲಿ ತೆರೆದರು. ಆ ವಾಸನೆಗೆ ಭೀಮ ನೆನಪಾದ.

ನಾನು ಶಾಲೆಗೆ ಹೋಗುತ್ತಿದ್ದಾಗ ಡೊಂಬಿವಲಿಯ ನಮ್ಮ ಚಿಕ್ಕ ಫ್ಲ್ಯಾಟಿನಲ್ಲಿದ್ದ ಬ್ಲಡ್‌ಹೌಂಡ್ ನಾಯಿ ಅವನು. ಮೂಸಲು ಬಗ್ಗಿದರೆ ನೆಲ ಗುಡಿಸುವಂಥ ಅವನ ಕಿವಿಗಳನ್ನು ನಾನು ಅಂಥದೇ ಔಷಧಿ ಹಾಕಿ ಒರೆಸುತ್ತಿದ್ದೆ. ಜೊಲ್ಲನ್ನು ಅಮ್ಮ ಗೊಣಗುತ್ತಾ ಒರೆಸುತ್ತಿದ್ದಳು. ನಾನು ಅಡಗುವುದು, ಅವನು ಮೂಸಿ ಹುಡುಕುವುದು ನಮ್ಮ ಆಟ. ಮೂಗು ನೆಲಕ್ಕಿಟ್ಟರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

ಅವನು ಊಳಿಡುತ್ತಾನೆಂದು ನಮ್ಮ ಕಟ್ಟಡದ ಸೊಸೈಟಿಯವರು ತಕರಾರು ತೆಗೆದರು. ಆ ಭಾನುವಾರ ಅಪ್ಪ ನನ್ನನ್ನೂ ಭೀಮನನ್ನೂ ಕಾರಿನಲ್ಲಿ ದೂರದ ಕಳಂಬೋಲಿಯ ಕಬ್ಬಿಣದ ಗೋದಾಮುಗಳತ್ತ ಕರೆದೊಯ್ದರು.

"ಗೋದಾಮಿಗೊಂದು ಸುತ್ತು ಓಡಿ ಬಾ ಮಗಾ, ಮತ್ತೆ ಕಾರಲ್ಲಿ ಅಡಗು."

ಹಾಗೇ ಮಾಡಿದೆ. ಅಪ್ಪ ನನ್ನ ಕಾಲುಚೀಲ ಮೂಸಿಸಿ ಭೀಮನನ್ನು ಬಿಟ್ಟರು, ಬಂದು ಕಾರು ಹೊರಡಿಸಿದರು.

"ಕಂಡ್ಯಾ? ತಲೆಯೇ ಎತ್ತುವುದಿಲ್ಲ ಪೆದ್ದ!"

ಇದೂ ಆಟವೆಂದು ನಾನು ಬಿದ್ದು ಬಿದ್ದು ನಕ್ಕೆ. ಹೆದ್ದಾರಿ ಬಂದ ಮೇಲೆ ಕೇಳಿದೆ, "ಅಪ್ಪ, ವಾಪಸ್ ಹೋಗುವುದು ಯಾವಾಗ?"

"ಅವನು ಹುಡುಕಿ ಮುಗಿಸಲಿ ಮಾರಾಯ್ತಿ."

ಮನೆಯಲ್ಲಿ ಅಮ್ಮ ಆಗಲೇ ಫಿನೈಲ್ ಹಾಕಿ ನೆಲ ತೊಳೆದಿದ್ದಳು.

ಇವತ್ತು ಮನೆಗೆ ಬಂದು ಅಪ್ಪನಿಗೆ ಭೀಮನನ್ನು ನೆನಪಿಸಿದೆ. ಟಿವಿಯಿಂದ ಕಣ್ಣು ತೆಗೆಯದೆ, "ಅವತ್ತು ನನಗಿಂತ ಜಾಸ್ತಿ ನಕ್ಕದ್ದು ನೀನೇ" ಎಂದರು.