ಅರ್ಧ ಓದಿ ಒತ್ತಿದ ‘ಸರಿ’

ಕಳೆದ ವರ್ಷ ನವೆಂಬರ್ ತಿಂಗಳ ಕೊನೆಯ ದಿನ. ಬಂಗಾರಪೇಟೆಯಲ್ಲಿ ಬೆಳಗಿನಿಂದಲೂ ಜಡಿಮಳೆ. ಮನೆಮನೆಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಹತ್ತು ವರ್ಷದಿಂದ ಕೆಲಸಗಾರ. ಕೇಬಲ್ ಎಳೆಯುವುದು, ಕಂಬ ಹತ್ತುವುದು, ಗಿರಾಕಿಗಳಿಂದ ಬೈಸಿಕೊಳ್ಳುವುದು, ಮೂರೂ ನನ್ನ ಪಾಲಿನವೇ.

ಆ ವರ್ಷ ನಮ್ಮ ಆಫೀಸಿಗೆ ಎಐ ಏಜೆಂಟ್ ಬಂದಿತ್ತು. ಕೆಜಿಎಫ್‌ನಲ್ಲಿ ನಾವು ಕೂರಿಸಿರುವ ರೌಟರುಗಳನ್ನೆಲ್ಲ ದೂರದಿಂದಲೇ ನೋಡಿಕೊಳ್ಳುವ ತಂತ್ರಾಂಶ ಅದು. ಮೊದಮೊದಲು ಎಲ್ಲಿ ತೊಂದರೆ ಇದೆ ಎಂದು ತೋರಿಸುತ್ತಿತ್ತು ಅಷ್ಟೇ. ಆಮೇಲೆ ತಾನೇ ಕಮಾಂಡ್ ಬರೆದು ರೌಟರಿನ ಮೇಲೆ ಓಡಿಸಲು ಅದಕ್ಕೆ ಅನುಮತಿ ಕೊಟ್ಟರು. ಷರತ್ತು ಒಂದೇ, ನಮ್ಮಲ್ಲೊಬ್ಬರು ಓದಿ ನೋಡಿ ‘ಸರಿ’ ಎಂದು ಒತ್ತಬೇಕು. ಮಳೆಯಲ್ಲಿ ಗಾಡಿ ಓಡಿಸುವುದು ತಪ್ಪಿತಲ್ಲ ಎಂದು ನನಗಂತೂ ಹಾಲು ಕುಡಿದಷ್ಟು ಸಂತೋಷ. ಪೂರ್ತಿ ಓದದೆ ಒತ್ತುವ ಅಭ್ಯಾಸವೂ ಬೇಗನೆ ಅಂಟಿಕೊಂಡಿತು.

ಅಂದು ಮೂರೂವರೆಗೆ ಏಜೆಂಟ್‌ನಿಂದ ಸಂದೇಶ ಬಂತು. ಕೆಜಿಎಫ್‌ನ ನಂದಿದುರ್ಗ ಗಣಿಯ ಕೆಲಸಗಾರರ ಲೈನ್ ಮನೆಗಳಿಗೆ ಹೋಗುವ ಮುಖ್ಯ ಕೇಬಲಿನಲ್ಲಿ ನೆಟ್ ನಿಧಾನವಾಗಿದೆ, ಅದನ್ನು ಒಂದು ನಿಮಿಷ ಬಂದ್ ಮಾಡಿ ಮತ್ತೆ ತೆರೆಯುತ್ತೇನೆ, ಅಷ್ಟು ಹೊತ್ತು ಅಲ್ಲಿನ ಸೇವಾ ಕೇಂದ್ರದ ಛಾವಣಿಯ ಮೇಲಿನ ವೈರ್‌ಲೆಸ್ ಡಬ್ಬಿಯಿಂದ ನೆಟ್ ಹೋಗಲಿ ಎಂದಿತ್ತು. ಟೀ ಕುಡಿಯುತ್ತಲೇ ‘ಸರಿ’ ಒತ್ತಿದೆ.

ಪರದೆಯ ಮೇಲೆ ನಂದಿದುರ್ಗ ಕೆಂಪಾಯಿತು. ಐದು ನಿಮಿಷವಾದರೂ ಹಸಿರಾಗಲಿಲ್ಲ. ವೈರ್‌ಲೆಸ್ ಡಬ್ಬಿ ಕೆಲಸ ಮಾಡುತ್ತಿರಲಿಲ್ಲ, ತೆರೆಯುವ ಕಮಾಂಡ್ ಕೂಡ ಮುಚ್ಚಿದ ಆ ಕೇಬಲಿನಲ್ಲೇ ಹೋಗಬೇಕಿತ್ತು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ಆಗ ಸಂದೇಶವನ್ನು ಪೂರ್ತಿ ಓದಿದೆ. ಕೊನೆಯ ಸಾಲು ಹೀಗಿತ್ತು: ‘ವೈರ್‌ಲೆಸ್ ಡಬ್ಬಿ ನಕ್ಷೆಯಲ್ಲಿದೆ, ಆದರೆ ಉತ್ತರಿಸುತ್ತಿಲ್ಲ. ಒತ್ತುವ ಮೊದಲು ಸ್ಥಳದಲ್ಲಿ ವಿಚಾರಿಸಿ.’

ಉತ್ತರಿಸುವುದಾದರೂ ಹೇಗೆ? ಗುಡುಗು ಶುರುವಾದರೆ ಸಿಡಿಲಿಗೆ ಸುಟ್ಟುಹೋಗದಿರಲಿ ಎಂದು ಛಾವಣಿಯ ಡಬ್ಬಿಯ ವೈರು ಕಿತ್ತಿಡುವುದು ನಮ್ಮ ಕೆಲಸಗಾರರ ರೂಢಿ. ಅದನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ಮೂರು ದಿನದ ಹಿಂದೆ ಕಿತ್ತು, ಮತ್ತೆ ಸಿಕ್ಕಿಸಲು ಮರೆತವನು ನಾನೇ.

ಅಷ್ಟರಲ್ಲಿ ಸೆಲ್ವಿ ಅಕ್ಕನ ಫೋನ್ ಬಂತು. ನಂದಿದುರ್ಗದಲ್ಲಿ ಅರ್ಜಿ ತುಂಬುವ, ಬೆರಳ ಗುರುತು ಪಡೆಯುವ ಕೆಲಸ ಮಾಡಿಕೊಡುವ ಆ ಸೇವಾ ಕೇಂದ್ರ ನಡೆಸುವವರು.

“ಮಂಜು, ಎನ್ನಪ್ಪಾ ಇದು? ನೆಟ್ ಓಯ್ತು! ಮುನಿಯಮ್ಮಜ್ಜಿ ಬೆರಳಿಡಕ್ಕೆ ಕುಂತವ್ರೆ. ಇವತ್ತೇ ಲಾಸ್ಟ್ ಡೇಟು. ಐದ್ ಗಂಟೆ ಬಸ್ ಬಿಟ್ರೆ ಅವರೂರಿಗೆ ಬೇರೆ ಬಸ್ಸಿಲ್ಲ.”

ಅಜ್ಜಿಯ ಗಂಡ ಗಣಿಯಲ್ಲಿ ದುಡಿದು ತೀರಿಕೊಂಡವರು. ಪಿಂಚಣಿ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ಬೆರಳಚ್ಚು ಕೊಟ್ಟು, ತಾನು ಬದುಕಿದ್ದೇನೆ ಎಂದು ತೋರಿಸಬೇಕು. ಹಿಂದಿನ ವರ್ಷ ಜ್ವರ ಬಂದು ತಪ್ಪಿಹೋಗಿತ್ತಂತೆ. ಪಿಂಚಣಿ ನಿಂತು, ಮತ್ತೆ ಬರುವವರೆಗೂ ಪಕ್ಕದ ಮನೆಯವರು ಕೊಟ್ಟದ್ದನ್ನು ಉಂಡು ದಿನ ತಳ್ಳಿದ್ದರಂತೆ.

ಮಳೆಗೆ ಮೊಬೈಲಿನ ನೆಟ್ಟೂ ಕೈಕೊಟ್ಟಿತ್ತು. ವೈರು ಕಿತ್ತ ದಿನ ಕೇಂದ್ರದಲ್ಲಿರುವ ರೌಟರಿನ ಪೆಟ್ಟಿಗೆಗೂ ಛಾವಣಿಯ ಬಾಗಿಲಿಗೂ ಬೀಗ ಹಾಕಿ, ಬೀಗದಕೈ ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ, ಹಾಗಾಗಿ ನಾನೇ ಹೋಗಬೇಕಿತ್ತು. ಗಾಡಿ ಹತ್ತಿದೆ. ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಗೂ ಶಾಪ ಹಾಕುತ್ತಾ ನಿಂತೆ. ತೋಯ್ದು ತೊಪ್ಪೆಯಾಗಿ ಕೇಂದ್ರ ಮುಟ್ಟಿದಾಗ ನಾಲ್ಕೂವರೆ ದಾಟಿತ್ತು.

ಛಾವಣಿ ಹತ್ತಿ ವೈರು ಸಿಕ್ಕಿಸಿದೆ. ಕೆಳಗಿಳಿಯುವಷ್ಟರಲ್ಲಿ ನೆಟ್ ಬಂದಿತ್ತು. ನಡೆದದ್ದನ್ನು ಸೆಲ್ವಿ ಅಕ್ಕನ ಕಿವಿಯಲ್ಲಿ ಹೇಳಿದೆ.

“ನಮ್ಮಪ್ಪ ಮೈನ್ಸಲ್ಲಿ ಆಳುಗಳ್ನ ಇಳ್ಸಿ ಎತ್ತೋ ಕೇಜ್ ಓಡಿಸ್ತಿದ್ರು. ಕೆಳಗಿಂದ ಗಂಟೆ ಬರ್ದೇ ಒಂದಡೀನೂ ಎತ್ತುತಿರ್ಲಿಲ್ಲ. ನೀನು ಒಂದ್ ಫೋನ್ ಮಾಡಕ್ಕಾಗ್ಲಿಲ್ವಾ?” ಎಂದರು.

ಅಜ್ಜಿಯದು ಕೂಲಿ ಮಾಡಿ ಸವೆದ ಬೆರಳು, ಯಂತ್ರ ಮೂರು ಸಲ ಒಪ್ಪಲಿಲ್ಲ. ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಸೆಲ್ವಿ ಅಕ್ಕ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒತ್ತಿ ಹಿಡಿದರು. ನಾಲ್ಕನೆಯ ಸಲ ಆಯಿತು.

“ಬದುಕಿದೀನಿ ಅಂತ ಬಂತಾ?” ಅಜ್ಜಿ ಕೇಳಿದರು.

“ಬಂತಜ್ಜಿ,” ಎಂದರು ಸೆಲ್ವಿ ಅಕ್ಕ.

ಅಜ್ಜಿ ಎದ್ದು ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟರು. “ಈ ಮಳೇಲಿ ನನ್ಗೋಸ್ಕರ ಓಡ್ಬಂದ್ಯಲ್ಲ ಮಗಾ, ನಿನ್ನೊಟ್ಟೆ ತಣ್ಗಿರ್ಲಿ.”

ನಾನು ತಲೆ ಬಗ್ಗಿಸಿ ನಿಂತೆ. ಸೆಲ್ವಿ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಅಜ್ಜಿ ಬಸ್ಸು ಹತ್ತಿ ಹೊರಟುಹೋದರು.

ಈಗ ಏಜೆಂಟ್ ಏನೇ ಕೇಳಲಿ, ಕೊನೆಯ ಸಾಲಿನವರೆಗೂ ಓದುತ್ತೇನೆ, ಆ ಜಾಗದವರಿಗೆ ಫೋನ್ ಮಾಡುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಅದು ಕೇಳಿಯೇ ಕೇಳಿತ್ತು. ಆದರೆ ಅಜ್ಜಿಯ ಹಾರೈಕೆಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಬರುವ ನವೆಂಬರಿನಲ್ಲಿ ಬೆರಳಿಡಲು ಅವರು ಮತ್ತೆ ಬರುತ್ತಾರೆ. ಅವತ್ತು ನಾನೂ ಹೋಗಿ ಹೇಳಬೇಕೆಂದಿದ್ದೇನೆ: ಅಜ್ಜಿ, ಆವತ್ತು ನಿಮ್ಮನ್ನು ಕಾಯಿಸಿದವನೂ ನಾನೇ.